ನೀರೋ, ಚೀಲವೋ

ನನ್ನ ಮೊಮ್ಮಗಳ ಫ್ಯಾಕ್ಟರಿ ಮುಚ್ಚುವುದಿಲ್ಲ. ಇದನ್ನು ಮೊದಲು ಬರೆದುಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಫ್ಯಾಕ್ಟರಿ ಮುಚ್ಚುವುದಿಲ್ಲ, ಅವಳು ಹೊಸೂರಿಗೆ ಹೋಗುವುದಿಲ್ಲ. ಇವತ್ತು ಬೆಳಿಗ್ಗೆಯೂ ಶೆಟ್ಟಿಹಳ್ಳಿಯ ನಮ್ಮ ಬೀದಿಯ ತುದಿಯಲ್ಲೇ ಕಂಪನಿ ಬಸ್ಸು ಹತ್ತಿ ಕೈ ಬೀಸಿದಳು. ನಿನ್ನೆ ಈ ಸುದ್ದಿಯನ್ನು ಎದುರು ಮನೆಯವರಿಗೆ ಹೇಳಿದೆ, ಸಂಜೆ ಹಾಲು ತಂದವನಿಗೆ ಹೇಳಿದೆ, ಗ್ಯಾಸ್ ಸಿಲಿಂಡರ್ ಇಳಿಸಿದವನಿಗೂ ಹೇಳಿದೆ. ಅವನು ಓಟಿಪಿ ಹೇಳಿ ಅಮ್ಮ ಎಂದ. ನಾನು ಓಟಿಪಿಯ ಬದಲು ಇನ್ನೊಂದು ಸಲ ಅದನ್ನೇ ಹೇಳಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದ ಕಡೆ ನನ್ನ ಪೆನ್ನು ದನ ಕಂಡ ಸೈಕಲ್ಲಿನ ಹಾಗೆ ನಿಂತುಬಿಡುತ್ತದೆ, ಅಲ್ಲೆಲ್ಲ ಸೊಸೆ ತಿದ್ದಿಕೊಡುತ್ತಾಳೆ. ಮಗ ಆಟೋ ಓಡಿಸುತ್ತಾನೆ. ತುಮಕೂರಿಗೆ ಬಂದು ಮಗನ ಜೊತೆ ಇರುವುದಕ್ಕೆ ಮುಂಚೆ ನಾನು ಗುಬ್ಬಿ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದೆ. ದಂಟು, ಸಬ್ಬಸಿಗೆ, ಕೊತ್ತಂಬರಿ, ಮೆಂತ್ಯ. ಬದುಕಿನಲ್ಲಿ ನನಗೆ ಗೊತ್ತಿರುವುದು ಅಷ್ಟೇ. ಅದನ್ನೇ ಎಲ್ಲದಕ್ಕೂ ಹಚ್ಚಿ ನೋಡುತ್ತೇನೆ.

ಮೊಮ್ಮಗಳು ಐಟಿಐ ಮುಗಿಸಿ ಕೆಲಸಕ್ಕೆ ಸೇರಿದ ದಿನ, ಟ್ಯಾಬ್ಲೆಟ್ ಮಾಡೋ ಕಂಪನಿ ಅಜ್ಜಿ ಎಂದಿದ್ದಳು. ನಮ್ಮ ಕಡೆ ಟ್ಯಾಬ್ಲೆಟ್ ಎಂದರೆ ಒಂದೇ. ಊಟ ಆದ ಮೇಲೆ ನೀರಿನ ಜೊತೆ ನುಂಗುವುದು. ನಾನು ಆ ಸಂತೋಷದಲ್ಲೇ ಗುಬ್ಬಿಯಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಆ ವಾರವೇ ಯಾರದೋ ಕೈಲಿ ಮಾತ್ರೆಯ ಖಾಲಿ ಹಾಳೆ ಕಳಿಸಿದಳು, ಬಿಪಿದು ಒಂದು, ಮಂಡಿನೋವಿನದು ಒಂದು, ಇದೇ ಬಣ್ಣದ್ದು ಬೇಕು ಅಂತ ಹೇಳಿಕಳಿಸಿ. ಮೊಮ್ಮಗಳು ಆ ಹಾಳೆಗಳನ್ನು ನೋಡಿ ನೆಲದ ಮೇಲೆ ಕೂತು ನಕ್ಕಳು. ಆಮೇಲೆ ತಿಳಿಸಿ ಹೇಳಿದಳು. ಅವರ ಕಂಪನಿಯಲ್ಲಿ ಆಗುವುದು ಸ್ಲೇಟಿನಷ್ಟು ಅಗಲದ ಫೋನಂತೆ, ಮಕ್ಕಳು ಪಾಠ ನೋಡುವುದು, ಬೆರಳಲ್ಲಿ ತೀಡುವುದು. ಅದರ ಗಾಜು ಕೂರಿಸುವುದು ಇವಳ ಕೆಲಸ. ನಾನು ಒಪ್ಪಿಕೊಂಡೆ. ಅಕ್ಕ ಒಪ್ಪಲಿಲ್ಲ.

"ಮುಚ್ಚಿಡ್ತಾವ್ಳೆ ಕಣೇ, ನೆಂಟ್ರೆಲ್ಲ ಬಿಟ್ಟಿ ಕೇಳ್ತಾರೆ ಅಂತ" ಎಂದಳು. ಆ ಅನುಮಾನ ಅವಳಿಗೆ ಇವತ್ತಿನವರೆಗೂ ಹೋಗಿಲ್ಲ.

ಗಾಜು ಕೂರಿಸುವ ಕೋಣೆಯೊಳಗೆ ಧೂಳಿನ ಒಂದು ಕಣ ಹೋಗಬಾರದಂತೆ. ನೀಲಿ ಟೋಪಿ, ನೀಲಿ ಕೋಟು, ಬೇರೆ ಚಪ್ಪಲಿ. ತಲೆಗೆ ಹೂವು ಮುಡಿದು ಒಳಗೆ ಹೋಗುವ ಹಾಗಿಲ್ಲ. ನಮ್ಮ ಹುಡುಗಿಗೆ ಹೂವಿಲ್ಲದೆ ಮನೆ ದಾಟಿ ಗೊತ್ತಿಲ್ಲ, ಅವಳ ಅಮ್ಮ ಬಿಡುವುದೂ ಇಲ್ಲ. ಅದಕ್ಕೆ ಬಸ್ಸು ಇಳಿದ ಕೂಡಲೇ ಹೂವು ತೆಗೆದು ಊಟದ ಕ್ಯಾರಿಯರಿನ ಖಾಲಿ ಡಬ್ಬಿಯೊಂದಕ್ಕೆ ಹಾಕಿ ಮುಚ್ಚುತ್ತಾಳೆ, ಸಂಜೆ ಮತ್ತೆ ಮುಡಿದುಕೊಂಡು ಬರುತ್ತಾಳೆ. ಅವಳ ಮೊಸರನ್ನ ಯಾವಾಗಲೂ ಸ್ವಲ್ಪ ಮಲ್ಲಿಗೆ ವಾಸನೆ. ಆ ಕೆಲಸ ಎಂದರೆ ಅವಳಿಗೆ ಪ್ರಾಣ. ಗಾಜು ಇಳಿದು ಸರಿಯಾಗಿ ಕೂತಾಗ ಟಿಕ್ ಎಂದು ಒಂದು ಸದ್ದು ಬರುತ್ತದಂತೆ, ಅದನ್ನು ನನಗೆ ಬಾಯಲ್ಲಿ ಮಾಡಿ ತೋರಿಸುತ್ತಿದ್ದಳು.

ಆಷಾಢದಲ್ಲಿ ಒಂದು ದಿನ ಮಗ ಆಟೋ ನಿಲ್ಲಿಸಿ ಒಳಗೆ ಬಂದವನೇ ಮಗಳಿಗೆ ಕೇಳದ ಹಾಗೆ ನನಗೆ ಹೇಳಿದ. ಶಿರಾ ಗೇಟ್‌ನ ಮೊಬೈಲ್ ಅಂಗಡಿಯೊಂದರ ಮುಂದೆ ಬೋರ್ಡು ಹಾಕಿದ್ದಾರೆ, ನಮ್ಮ ಹುಡುಗಿ ಮಾಡೋ ಟ್ಯಾಬ್ಲೆಟ್ ಅರ್ಧ ಬೆಲೆಗೆ. ಆಷಾಢ ಅಲ್ಲವೇ, ಸೀರೆ ಅಂಗಡಿಯವರೂ ಕಡಿಮೆ ಮಾಡುತ್ತಾರೆ ಎಂದೆ. ಮುಂದಿನ ವಾರ ಆ ಬೋರ್ಡಿನ ಮೇಲೆ ಇನ್ನೊಂದು ಕಾಗದ ಅಂಟಿಸಿದ್ದರು. ಅರ್ಧಕ್ಕಿಂತಲೂ ಕೆಳಗೆ. ಅದು ಆಷಾಢದ ಲೆಕ್ಕವಲ್ಲ ಎಂದು ನನಗೂ ಗೊತ್ತಾಯಿತು.

ಹುಡುಗಿಗೆ ಮೊದಲೇ ಗೊತ್ತಿತ್ತು. ಕೇಳಿದಾಗ ಅನ್ನದ ತಟ್ಟೆ ನೋಡುತ್ತಲೇ ಹೇಳಿದಳು. ದೊಡ್ಡ ದೊಡ್ಡ ಕಂಪನಿಗಳ ಮಾಲಿನ ಮುಂದೆ ಇವರದು ಹೋಗುತ್ತಿಲ್ಲ, ಗೋಡೌನ್ ತುಂಬಿದೆ, ಮೇಲಿನವರು ಏನೂ ಬಾಯಿ ಬಿಡುತ್ತಿಲ್ಲ. ಕ್ಯಾಂಟೀನಿನಲ್ಲಿ ಶುಕ್ರವಾರದ ಪಾಯಸ ನಿಂತಿದೆ. ಮುಚ್ಚಿದರೂ ಮುಚ್ಚಬಹುದು, ಹೊಸೂರಿನ ಫ್ಯಾಕ್ಟರಿಗೆ ಹೋಗಿ ಹಾಸ್ಟೆಲಿನಲ್ಲಿ ಇರುವವರು ಹೆಸರು ಕೊಡಿ ಎಂದು ಸೂಪರ್‌ವೈಸರ್ ಕೇಳಿದ್ದಾರೆ. ಜೊತೆಯ ಹುಡುಗಿಯರು ಕೆಲವರು ಕೊಟ್ಟಾಗಿದೆ. ನೀನು ಕೊಟ್ಟೆಯಾ ಎಂದೆ. ಇನ್ನೂ ಇಲ್ಲ ಎಂದಳು. ಆ 'ಇನ್ನೂ' ಕೇಳಿ ನಾನು ಬಡಿಸುತ್ತಿದ್ದ ಸೌಟು ಕೆಳಗಿಟ್ಟೆ.

ಕುಣಿಗಲ್‌ನಲ್ಲಿ ನನ್ನ ಮಗಳ ಮನೆ. ಅಳಿಯನದು ಬೇಕರಿ. ಆ ಭಾನುವಾರ ಇಬ್ಬರೂ ಬಂದಿದ್ದರು. ಅಳಿಯ ಒಳ್ಳೆಯವನೇ, ನಾಲಗೆ ಮಾತ್ರ ಬ್ರೆಡ್ ಕೊಯ್ಯುವ ಚಾಕು.

"ಬೆಲೆ ಇಳ್ಸಿದೋನು ಬಾಗ್ಲು ಹಾಕ್ತಾನೆ ಅತ್ತೆ. ನಮ್ ಬೇಕರೀಲಿ ಸಂಜೆ ಬನ್ನು ಅರ್ಧ ರೇಟಿಗೆ ಕೊಟ್ರೆ, ಬೆಳಿಗ್ಗೆ ಅದು ಹಸುಗೆ ಹಾಕೋದು ಅಂತ ಅರ್ಥ."

ಹುಡುಗಿಯ ಮುಖ ಸಣ್ಣಗಾಯಿತು. ನನಗೆ ಸುಮ್ಮನಿರಲು ಆಗಲಿಲ್ಲ. ನನ್ನ ಹತ್ತಿರ ಇದ್ದದ್ದು ಸಂತೆಯೊಂದೇ, ಅದನ್ನೇ ತೆಗೆದೆ. ಸಂತೆಯಲ್ಲಿ ಸಂಜೆ ಎಲ್ಲರೂ ಬೆಲೆ ಇಳಿಸುತ್ತಾರೆ. ಆದರೆ ಇಳಿಸುವವರಲ್ಲಿ ಎರಡು ಜಾತಿ. ಒಬ್ಬಳು ಬೆಲೆ ಇಳಿಸುತ್ತಾ ಇನ್ನೊಂದು ಕೈಯಲ್ಲಿ ಗೋಣಿಚೀಲ ಮಡಚುತ್ತಿರುತ್ತಾಳೆ. ಅವಳು ಕೊನೇ ಬಸ್ಸಿಗೆ ಹೊರಟವಳು. ಇನ್ನೊಬ್ಬಳು ಬೆಲೆ ಇಳಿಸಿ ಸೊಪ್ಪಿಗೆ ಮತ್ತೆ ನೀರು ಚಿಮುಕಿಸುತ್ತಾಳೆ. ಅವಳಿಗೆ ಇನ್ನೂ ಗಿರಾಕಿ ಬರುತ್ತಾನೆ ಎನ್ನುವ ನಂಬಿಕೆ ಇದೆ.

"ಬೆಲೆ ನೋಡ್ಬೇಡ ಕಣೇ, ಕೈ ನೋಡು" ಎಂದೆ ಮೊಮ್ಮಗಳಿಗೆ. "ನಿಮ್ಮೋರು ನೀರು ಚಿಮುಕಿಸ್ತಾವ್ರೋ, ಚೀಲ ಮಡಿಸ್ತಾವ್ರೋ, ಅದು ಹೇಳು."

ಅಳಿಯ ನಕ್ಕ. ಫ್ಯಾಕ್ಟರಿಯಲ್ಲಿ ನೀರು ಚಿಮುಕಿಸಿದರೆ ಶಾಕ್ ಹೊಡೆಯುತ್ತದೆ ಅತ್ತೆ ಎಂದ. ಹುಡುಗಿಯೂ ನಕ್ಕಳು. ಅವತ್ತಿನಿಂದ ಅದು ನಮ್ಮ ಮನೆಯ ಮಾತಾಯಿತು. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ನಾನು ಕೇಳುವುದು, ನೀರೋ, ಚೀಲವೋ. ಅವಳು ಹೇಳುವುದು, ಎರಡೂ ಇಲ್ಲ ಅಜ್ಜಿ, ಸುಮ್ಮನೆ ಕೂತವರೆ. ಸೊಸೆ ಅಡುಗೆ ಮನೆಯಿಂದಲೇ ಕಿವಿ ನಿಮಿರಿಸುವುದು. ಮಗ ಕೇಳದವನ ಹಾಗೆ ಟಿವಿಯ ಸದ್ದು ತಗ್ಗಿಸುವುದು.

ಒಂದು ಮಧ್ಯಾಹ್ನ ಮಗನ ಆಟೋದಲ್ಲಿ ಕೂತು ಶಿರಾ ಗೇಟ್‌ಗೆ ಹೋದೆ. ಆ ಬೋರ್ಡನ್ನು ಕಣ್ಣಾರೆ ನೋಡಬೇಕು ಅನ್ನಿಸಿತ್ತು. ಬಸ್ಸು, ಲಾರಿ, ಹಾರನ್ನು, ರಸ್ತೆ ದಾಟುವುದರೊಳಗೆ ದೇವರ ಹೆಸರೆಲ್ಲ ಮುಗಿಯಿತು. ಅಂಗಡಿಯವನು ಟ್ಯಾಬ್ಲೆಟ್ ತೆಗೆದು ಕೈಗೆ ಕೊಟ್ಟ. ತೂಕವಾಗಿ, ತಣ್ಣಗೆ, ಕೊಳದ ಹಾಗೆ ಕಪ್ಪಗಿತ್ತು. ಎಳೇ ಸೌತೆಕಾಯಿ ನೋಡುವ ಹಾಗೆ ತಿರುಗಿಸಿ ತಿರುಗಿಸಿ ಬೆಳಕಿಗೆ ಹಿಡಿದೆ. ಗಾಜಿನ ಅಡಿ ಒಂದು ಧೂಳಿಲ್ಲ. ಮಲ್ಲಿಗೆಯ ಒಂದು ಎಸಳಿಲ್ಲ.

"ಮಾಲು ಚೆನ್ನಾಗೈತೆ ಅಮ್ಮ, ತಗೊಳ್ಳಿ. ನಾಳೆ ಆ ಕಂಪನಿ ಇರ್ತದಾ ಅಂತ ಮಾತ್ರ ನನ್ನ ಕೇಳ್ಬೇಡಿ" ಎಂದ ಅವನು.

ಇದನ್ನು ಕೂರಿಸಿದವಳು ನನ್ನ ಮೊಮ್ಮಗಳು ಎಂದೆ. ಅವನು ನನ್ನನ್ನೂ ನೋಡಿದ, ಗಾಜನ್ನೂ ನೋಡಿದ, ಆಮೇಲೆ ತನ್ನ ಅಂಗಿಯ ತೋಳಿನಿಂದ ನನ್ನ ಬೆರಳಿನ ಗುರುತು ಒರೆಸಿ ವಾಪಸ್ ಇಟ್ಟ. ಹಿಂದಿನ ಸಾಲಿನಲ್ಲಿದ್ದದ್ದನ್ನು ಮುಂದಿನ ಸಾಲಿಗೆ ಇಟ್ಟ. ಅಷ್ಟಕ್ಕೇ ನನಗೆ ಮನೆಯವರೆಗೂ ನಗು.

ಆ ನಗು ಹೆಚ್ಚು ದಿನ ಇರಲಿಲ್ಲ. ಆಷಾಢ ಮುಗಿಯುತ್ತಾ ಬಂದಾಗ ಒಂದು ಸಂಜೆ ಹುಡುಗಿ ನಾನು ಕೇಳುವ ಮೊದಲೇ ಹೇಳಿದಳು.

"ಚೀಲ ಅಜ್ಜಿ."

ಅರ್ಧ ಕೋಣೆಯ ಲೈಟು ಆರಿಸಿ ಅಲ್ಲಿನ ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರಂತೆ. ಸತ್ತವರಿಗೆ ಮುಸುಕು ಎಳೆದ ಹಾಗಿತ್ತು ಎಂದಳು. ಅವತ್ತು ಅವಳು ಡಬ್ಬಿಯ ಹೂವು ಮುಡಿಯದೆ ಬಂದಿದ್ದಳು. ಸೋಮವಾರ ಹೊಸೂರಿಗೆ ಹೆಸರು ಕೊಡುತ್ತೇನೆ ಎಂದಳು. ಸೊಸೆ ಏನೋ ಹೇಳಲು ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ನಾವೆಲ್ಲ ಆ ಸಾರಿನಲ್ಲೇ ಉಂಡೆವು. ಸಂತೆಯ ಮಾತು ಹೇಳಿ ಹುಡುಗಿಗೆ ಆಸೆ ಹುಟ್ಟಿಸಿದ್ದು ನಾನೇ ಅಲ್ಲವೇ. ಫ್ಯಾಕ್ಟರಿ ಏನು ಸೊಪ್ಪಿನ ಗುಡ್ಡೆಯೇ.

ಸೋಮವಾರ ಬಂತು. ಅವಳು ಹೋದಳು. ಸಂಜೆ ಬಂದವಳು, ಸೂಪರ್‌ವೈಸರ್ ಸಿಗಲಿಲ್ಲ, ಯಾರೋ ಹೊರಗಿನವರು ಬಂದಿದ್ದರು, ಅವರ ಹಿಂದೆಯೇ ಓಡಾಡುತ್ತಿದ್ದರು ಎಂದಳು. ಯಾರು ಎಂದರೆ ಗೊತ್ತಿಲ್ಲ. ಜಾಗ ನೋಡಲು ಬಂದವರೋ, ಯಂತ್ರ ಕೊಳ್ಳಲು ಬಂದವರೋ. ಅವರಲ್ಲಿ ಒಬ್ಬರು ಇವಳ ಪಕ್ಕ ನಿಂತು ಗಾಜು ಕೂರುವ ಸದ್ದನ್ನು ತುಂಬಾ ಹೊತ್ತು ಕೇಳಿಸಿಕೊಂಡರಂತೆ. ಶ್ರಾವಣ ಹುಟ್ಟಿತು. ಮತ್ತೇನೂ ತಿಳಿಯಲಿಲ್ಲ, ಹೆಸರು ಕೊಡುವುದೂ ಹಾಗೇ ಉಳಿಯಿತು.

ನಿನ್ನೆ ಮಧ್ಯಾಹ್ನ ನಾನು ಬೇಳೆ ಆರಿಸುತ್ತಿದ್ದೆ. ಫೋನ್ ಬಂತು, ಹುಡುಗಿಯದು. ಕೆಲಸದ ಹೊತ್ತಿನಲ್ಲಿ ಅವಳ ಕೈಗೆ ಫೋನ್ ಕೊಡುವುದಿಲ್ಲ, ಊಟದ ಬಿಡುವಿನಲ್ಲಿ ಮಾಡಿದ್ದಳು. ಮೂಗು ಸೊರಸೊರ ಎನ್ನುತ್ತಿತ್ತು.

"ಅಜ್ಜಿ, ನೀರು" ಎಂದಳು.

ಹುಡುಗಿಗೆ ತಲೆ ತಿರುಗುತ್ತಿದೆ ಅಂದುಕೊಂಡೆ. "ಕುಡಿಯೇ ಮತ್ತೆ, ನನ್ನ ಯಾಕೆ ಕೇಳ್ತೀಯ? ಕ್ಯಾಂಟೀನ್‌ನಾಗೆ ನೀರು ಇಲ್ವಾ?" ಎಂದೆ.

"ಅಯ್ಯೋ ಅಜ್ಜಿ, ಆ ನೀರಲ್ಲ. ನಿನ್ ನೀರು. ಚಿಮುಕಿಸ್ತಾವ್ರೆ ಅಜ್ಜಿ, ಪ್ಲಾಸ್ಟಿಕ್ ಎಲ್ಲ ತೆಗೆದುಬಿಟ್ರು."

ನಾನು ಕಟ್ಟಿದ ಮಾತು ನನಗೇ ಮರೆತಿತ್ತು. ಅರ್ಥವಾದ ಕೂಡಲೇ ಎದ್ದು ನಿಂತೆ. ಮಡಿಲಲ್ಲಿದ್ದ ಮೊರ, ಬೇಳೆ, ಕಲ್ಲು ಎಲ್ಲ ಹಜಾರದ ತುಂಬ ಹರಡಿಕೊಂಡವು. ಆರಿಸಿದ ಕಲ್ಲೂ ಆರಿಸದ ಬೇಳೆಯೂ ಮತ್ತೆ ಒಂದಾದವು. ಸೊಸೆ ಓಡಿ ಬಂದಳು. ನೀರಂತೆ ಕಣೇ, ನೀರಂತೆ ಎಂದೆ. ಅವಳು ಪಾಪ, ನನಗೇ ಬಾಯಾರಿದೆ ಎಂದು ಚೊಂಬು ತಂದಳು.

ಹುಡುಗಿ ಮತ್ತೆ ಮೊದಲಿನಿಂದ ಹೇಳಿದಳು, ಈ ಸಲ ಅವಳ ಅಮ್ಮನಿಗೆ. ಬೆಲೆ ಅಷ್ಟು ಇಳಿದದ್ದನ್ನು ನೋಡಿಯೇ ಯಾರೋ ದೊಡ್ಡ ಗಿರಾಕಿ ತಿರುಗಿ ನೋಡಿದ್ದಾರೆ, ಆ ಸೋಮವಾರ ಬಂದಿದ್ದವರು ಅವರ ಕಡೆಯವರೇ ಅಂತೆ. ಊರೂರಲ್ಲಿ ಅಂಗಡಿ ಇಟ್ಟವರು, ಒಂದೊಂದು ಅಂಗಡಿಯ ಕೌಂಟರಿಗೂ ಒಂದೊಂದು ಟ್ಯಾಬ್ಲೆಟ್ ಬೇಕಂತೆ. ಗೋಡೌನಿನ ಮಾಲಷ್ಟೂ ಹೋಗುತ್ತದೆ, ಹೊಸದೂ ಮಾಡಬೇಕು. ಮುಂದಿನ ಯುಗಾದಿಯವರೆಗೆ ಕೆಲಸಕ್ಕೆ ಮೋಸವಿಲ್ಲ, ಆಮೇಲಿನದು ಆಮೇಲೆ ಎಂದು ಮೇಲಿನವರೇ ನಿಂತು ಹೇಳಿದರಂತೆ. ಹೊಸೂರಿನ ಮಾತು ಮುಗಿಯಿತು. ಯುಗಾದಿಯ ನಂತರ ಏನೋ, ಯಾರಿಗೆ ಗೊತ್ತು. ಸೊಪ್ಪು ಮಾರುವವಳು ಮುಂದಿನ ಸಂತೆಯವರೆಗೆ ಮಾತ್ರ ಯೋಚಿಸುತ್ತಾಳೆ.

ಎಂಥ ಅಂಗಡಿಗಳಂತೆ ಎಂದು ಸೊಸೆ ಕೇಳಿದಳು. ಹುಡುಗಿಗೆ ಹೇಳಲು ನಗುವೇ ಬಿಡುತ್ತಿರಲಿಲ್ಲ. ಔಷಧಿ ಅಂಗಡಿಗಳಂತೆ.

ನಾನು ಇನ್ನು ತಡೆಯಲಿಲ್ಲ, ಗುಬ್ಬಿಗೆ ಫೋನ್ ಹಚ್ಚಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬಹಳ ನಿಧಾನವಾಗಿ, ಗೆದ್ದವರ ದನಿಯಲ್ಲಿ ಹೇಳಿದಳು.

"ನಾನು ಮೊದ್ಲಿಂದ ಏನ್ ಹೇಳ್ತಿದ್ದೆ? ಮೆಡಿಕಲ್ ಸ್ಟೋರಿಗೆ ಹೋಗೋದೇ ಟ್ಯಾಬ್ಲೆಟ್ಟು. ಬುಡು, ಸಂಜೆಗೆ ಬತ್ತೀನಿ. ತೆಂಗಿನಕಾಯಿ ತರ್ತೀನಿ, ಒಬ್ಬಟ್ಟು ಮಾಡು."

ಕುಣಿಗಲ್‌ಗೆ ಹೇಳಿದ್ದು ಮಗ. ಅಳಿಯ ಬೇಕರಿಯನ್ನು ತಮ್ಮನಿಗೆ ವಹಿಸಿ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಕೈಯಲ್ಲಿ ದೊಡ್ಡ ಪೊಟ್ಟಣ. ಹೊಸ್ತಿಲಲ್ಲೇ ನಿಂತು, ಬೆಳಗಿನ ಬನ್ನು ಅತ್ತೆ, ಸಂಜೇದಲ್ಲ ಎಂದ. ಅದು ಅವನ ತಪ್ಪೊಪ್ಪಿಗೆ. ನಾನು ಒಂದು ಬನ್ನು ಅಲ್ಲೇ ಮುರಿದು ಬಾಯಿಗೆ ಹಾಕಿಕೊಂಡೆ, ಲೆಕ್ಕ ಚುಕ್ತಾ ಆಯಿತು. ಅಕ್ಕ ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ತೆಂಗಿನಕಾಯಿ ಚೀಲವನ್ನು ಕೂರಿಸಿಕೊಂಡು ಕಂಡಕ್ಟರ್ ಜೊತೆ ಜಗಳವಾಡಿ ಬಂದಳು. ಹುಡುಗಿ ಬಂದಾಗ ತಲೆಯಲ್ಲಿ ಹೂವಿತ್ತು, ಬಾಡಿದ್ದರೂ ಇತ್ತು. ಕ್ಯಾಂಟೀನಿನಲ್ಲಿ ಪಾಯಸ ಕೊಟ್ಟರು ಅಜ್ಜಿ, ಶುಕ್ರವಾರ ಅಲ್ಲದಿದ್ದರೂ ಕೊಟ್ಟರು ಎಂದಳು.

ಬೇಳೆಯಲ್ಲಿ ಎಷ್ಟು ಕಲ್ಲು ಉಳಿದಿದೆಯೋ ದೇವರೇ ಬಲ್ಲ. ಆದರೂ ಒಬ್ಬಟ್ಟಾಯಿತು, ಒಬ್ಬಟ್ಟಿನ ಸಾರಾಯಿತು, ಕೋಸಂಬರಿ ಆಯಿತು, ರಾತ್ರಿ ಅನ್ನ ಒಗ್ಗದ ಅಕ್ಕನಿಗೆ ಒಂದು ಮುದ್ದೆಯೂ ಆಯಿತು. ಹಜಾರದಲ್ಲಿ ಗೋಡೆಯುದ್ದಕ್ಕೂ ಬಾಳೆ ಎಲೆ ಹಾಕಿದೆವು. ಎಲ್ಲರೂ ಕೂತರು. ಸೊಸೆಯನ್ನೂ ಎಳೆದು ಕೂರಿಸಿದೆವು, ಯಾರಿಗೆ ಬೇಕೋ ಅವರೇ ಬಡಿಸಿಕೊಳ್ಳುವುದು ಎಂದು ತೀರ್ಮಾನ.

ಎಲೆಗೆ ನೀರು ಚಿಮುಕಿಸುವ ಕೆಲಸ ಹುಡುಗಿಯದು. ಚೊಂಬು ಹಿಡಿದು ಸಾಲಿನ ತುದಿಯಿಂದ ಬಂದಳು. ಅಳಿಯನ ಎಲೆಯ ಹತ್ತಿರ ನಿಂತು ನನ್ನ ಕಡೆ ನೋಡಿದಳು.

"ಅಜ್ಜಿ, ಇವರಿಗೆ ನೀರೋ, ಚೀಲವೋ?"

"ನೀರೇ ಹಾಕು" ಎಂದೆ.

ಎಲೆಗೂ ಹಾಕಿದಳು, ಅಂಗಿಗೂ ಹಾಕಿದಳು. ಅಳಿಯ ಒದ್ದೆ ಅಂಗಿಯಲ್ಲೇ ಕೂತು ಎಲೆ ಒರೆಸಿಕೊಂಡ. ಅಕ್ಕ ಮುದ್ದೆ ಮುರಿದಳು. ಒಬ್ಬಟ್ಟಿನ ಮೇಲೆ ತುಪ್ಪ ಬಿತ್ತು. ಮೊದಲ ತುತ್ತಿಗೇ ಮಗನ ಹಲ್ಲಿಗೆ ಕಲ್ಲು ಸಿಕ್ಕಿತು. ಟಿಕ್ ಎಂದಿತು. ಸರಿಯಾಗಿ ಕೂತ್ಕೊಂತು ಅಪ್ಪ ಎಂದಳು ಹುಡುಗಿ. ನಾವೆಲ್ಲ ಬಾಯಿ ತುಂಬ ಇದ್ದಾಗ ನಗಬಾರದು ಎನ್ನುವುದನ್ನು ಮರೆತು ನಗುತ್ತಾ, ಕೆಮ್ಮುತ್ತಾ, ಇನ್ನೊಂದು ಹಾಕು ಎನ್ನುತ್ತಾ ಉಂಡೆವು.