ಒಂಟಿ ಸೀನು ಮತ್ತು ಪಂಚಮಿಯ ಜೋಕಾಲಿ

ಮನುಷ್ಯನ ದೇಹವ್ಯಾಪಾರಗಳಲ್ಲಿ ಸೀನಿನಷ್ಟು ಗೌರವ ಪಡೆದದ್ದು ಇನ್ನೊಂದಿಲ್ಲ. ಕೆಮ್ಮಿದರೆ ಯಾರೂ ಕೇಳುವುದಿಲ್ಲ, ಆಕಳಿಸಿದರೆ ಬೈಯುತ್ತಾರೆ. ಹೊಸ್ತಿಲಲ್ಲಿ ಒಂದೇ ಒಂದು ಸೀನು ಬಿದ್ದರೆ ಮಾತ್ರ ಹೊರಟವರು ಚಪ್ಪಲಿ ಬಿಟ್ಟು, ಒಳಗೆ ಬಂದು ಕುಳಿತು, ನೀರು ಕುಡಿದೇ ಮತ್ತೆ ಹೊರಡಬೇಕು. ಅದೇ ಸೀನು ಮಗುವಿನದಾದರೆ ‘ಶತಾಯುಷಿ’ ಎಂಬ ಆಶೀರ್ವಾದ. ಈ ಒಂಟಿ ಸೀನಿನ ಮಹಿಮೆಯಿಂದ ದೊಡವಾಡದಲ್ಲಿ ನನಗೆ ಧಾರವಾಡದ ಬಸ್ಸು ಎಷ್ಟು ಸಲ ತಪ್ಪಿದೆಯೋ! ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಶಾಲೆಗೆ ತಡವಾಗುವ ಭಯವಿಲ್ಲವಾದ್ದರಿಂದ ಶಾಸ್ತ್ರಪಾಲನೆ ಇನ್ನೂ ಸುಲಭವಾಗಿದೆ.

ಆದರೆ ಹೋದ ವರ್ಷದಿಂದ ನಮ್ಮ ಮನೆಯಲ್ಲಿ ಸೀನು ಶಕುನದ ಪದವಿಯಿಂದ ಅಪರಾಧದ ಪಟ್ಟಿಗೆ ಇಳಿಯಿತು. ಮಗನ ಮಗಳು, ಏಳು ವರ್ಷದ ಅಕ್ಷತಾಳಿಗೆ ರಕ್ತದ ಕ್ಯಾನ್ಸರ್. ಬೆಳಗಾವಿಯಲ್ಲಿ ಚಿಕಿತ್ಸೆ ನಡೆದಿದೆ, ಗುಣ ಕಾಣುತ್ತಿದೆ. ಔಷಧದ ಪ್ರಭಾವದಿಂದ ರೋಗ ತಡೆಯುವ ಶಕ್ತಿ ಕುಗ್ಗಿರುವುದರಿಂದ, ನಮಗೆ ಮೂರು ದಿನದ ಜ್ವರ-ನೆಗಡಿಯಾದದ್ದು ಅವಳಿಗೆ ಆಸ್ಪತ್ರೆಯ ಹಾಸಿಗೆ. ಹೋದ ಸಲದ ನಾಗರ ಪಂಚಮಿಯಲ್ಲಿ ಉಳಿದ ಮಕ್ಕಳೆಲ್ಲ ಹಿತ್ತಲ ಬೇವಿನ ಮರದ ಜೋಕಾಲಿ ಜೀಕುವುದನ್ನು ಅವಳು ಕಿಟಕಿಯ ಕಂಬಿ ಹಿಡಿದು ನೋಡಿದಳು.

ಈ ಸಲ ಮುಂಗಾರು ಕಾಲಿಡುತ್ತಲೇ ಅವಳು ಡಾಕ್ಟರನ್ನು ಕೇಳಿಬಿಟ್ಟಳು: “ಪಂಚಮಿಗೆ ಜೋಕಾಲಿ ಆಡಲೇನ್ರಿ?”

“ಆಡಿಯಂತ ತಗೋ. ಆದ್ರ ನಿನಗ ಫ್ಲೂ ಲಸಿಕಿ ಹಾಕೂಣು, ನಿಮ್ಮ ಮನಿ ಮಂದಿ ಎಲ್ಲಾರೂ ಹಾಕಿಸ್ಕೋಬೇಕು. ನೆಗಡಿ ಬಂದಾವ್ರು ನಿನ್ನ ಹತ್ರ ಸುಳೀಬಾರ್ದು.”

ಆ ‘ಎಲ್ಲಾರೂ’ ಎಂಬುದರಲ್ಲಿ ನಾನೂ ಇದ್ದೆ. ಆಯುಷ್ಯವೆಲ್ಲ ಮಕ್ಕಳಿಗೆ ಧೈರ್ಯದ ಪಾಠ ಹೇಳಿದ ಈ ಮಾಸ್ತರನು ಸೂಜಿ ಕಂಡರೆ ಬೆವರುವವನೆಂಬ ರಹಸ್ಯ ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಈಗ ನಿಮಗೂ ಗೊತ್ತಾಯಿತು. ವಯಸ್ಸು, ಪಿತ್ತ, ಅಮಾವಾಸ್ಯೆ ಎಂದು ಪ್ರಮಾಣಗಳನ್ನೆಲ್ಲ ಮುಂದಿಟ್ಟೆ. ಅಕ್ಷತಾ ಕೇಳಲಿಲ್ಲ. ತನ್ನ ಲಸಿಕೆ ಮುಗಿಸಿ, ಮಾಸ್ಕ್ ಏರಿಸಿಕೊಂಡು, ನನ್ನ ಕೈ ಹಿಡಿದು ನಿಂತಳು. ಅವಳಿಗೆ ಸೂಜಿ ಚುಚ್ಚುವಾಗಲೆಲ್ಲ ನಾನು ಹೇಳುತ್ತಿದ್ದ ಸುಳ್ಳನ್ನು ನನಗೇ ಹೇಳಿದಳು: “ಇರಬಿ ಕಡದಂಗ ಆಗತೈತಿ ಅಜ್ಜಾ, ಅಷ್ಟ. ಕಣ್ಣ ಮುಚ್ಕೋ.”

ಇರುವೆ ಬಹಳ ದೊಡ್ಡದಾಗಿತ್ತು. ಆದರೆ ಅಂಥ ಎಷ್ಟೋ ಇರುವೆಗಳನ್ನು ಕಂಡಿದ್ದ ಆ ಪುಟ್ಟ ಕೈಯ ಹಿಡಿತ ಸಡಿಲಾಗಲಿಲ್ಲ. ನನಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಆದವು.

ಪಂಚಮಿ ಬಂತು. ರಕ್ತಪರೀಕ್ಷೆ ನೋಡಿ ಡಾಕ್ಟರು ಒಪ್ಪಿಗೆ ಕೊಟ್ಟರು. ರಾಮದುರ್ಗದಿಂದ ಬಂದ ಮಗಳೂ ಅವಳ ಮಕ್ಕಳೂ ಮೊದಲೇ ಲಸಿಕೆ ಹಾಕಿಸಿಕೊಂಡಿದ್ದರು. ಆದರೂ ಅಕ್ಷತಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮೂಗನ್ನೂ ಪರೀಕ್ಷಿಸಿಯೇ ಒಳಗೆ ಬಿಟ್ಟಳು. ಆಮೇಲೆ ಜೋಕಾಲಿ ಏರಿದಳು. ಬೇವಿನ ಮರ ಅಲ್ಲಾಡುವಂತೆ ಜೀಕಿ, ದಣಿದು ನಿಲ್ಲಿಸಿ, ಹುರಿಗಡಲೆ ಹಿಟ್ಟಿನ ಪಂಚಮಿ ಉಂಡಿ ಕಚ್ಚಿದಳು.

“ಅಕ್ಷೀ!”

ಒಂದೇ ಸೀನು. ಒಂಟಿ. ಎಲ್ಲರೂ ಅವಳತ್ತ ತಿರುಗಿದೆವು; ನಾನು ಜೋಕಾಲಿಯ ಹಗ್ಗ ಹಿಡಿದು ಅವಳ ಮುಖ ನೋಡಿದೆ.

“ಹಿಟ್ಟ ಮೂಗಿನ್ಯಾಗ ಹೋತು! ಹಂಗ್ಯಾಕ ನೋಡಾಕ ಹತ್ತೀರಿ? ಜೋಕಾಲಿ ದೂಗ್ರಿ!”

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಯಾರೂ ಒಳಗೆ ಹೋಗಿ ಕೂರಲಿಲ್ಲ, ನೀರು ಕುಡಿಯಲಿಲ್ಲ. ನಾನು ಮಾತ್ರ ‘ಶತಾಯುಷಿ’ ಎಂದೆ. ಜೀವನವಿಡೀ ರೂಢಿಗೆ ಆಡಿದ ಮಾತು; ಅಂದು ಆ ನೂರರಲ್ಲಿ ಒಂದೊಂದು ವರ್ಷವನ್ನೂ ನಿಜವಾಗಿ ಬೇಡಿಕೊಂಡೆ. ಬೇಡಿಕೊಂಡು, ಚುಚ್ಚಿಸಿಕೊಂಡ ಆ ತೋಳಿನಿಂದಲೇ ಜೋಕಾಲಿ ತೂಗಿದೆ.