ಹಳ್ಳದಾಚೆ ಕಲಿತ ಮಾತು

ನೊಲುಂಡಿಯಂಥ ಸೊಸೆ ತ್ಸೋಲೊ ಗುಡ್ಡದ ಸಾಲಿನಲ್ಲೇ ಇರಲಿಲ್ಲ ಎಂದರೆ ಉಳಿದ ಸೊಸೆಯಂದಿರು ಮೂತಿ ತಿರುವಿಯಾರು. ತಿರುವಲಿ ಬಿಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ! ಬಂದ ದಿನದಿಂದ ತಲೆಯ ವಸ್ತ್ರ ಜಾರಿಸಿದವಳಲ್ಲ, ಸೊಸೆಯಂದಿರು ಹಾಯಬಾರದ ದನದ ದೊಡ್ಡಿಯ ಮುಂದೆ ಅಡ್ಡ ಹಾಯ್ದವಳಲ್ಲ. ಮಾವನ ಹೆಸರನ್ನಂತೂ ಕನಸಿನಲ್ಲೂ ನಾಲಿಗೆಗೆ ತಂದವಳಲ್ಲ.

ನಮ್ಮ ಕ್ಸೋಸಾ ಜನರ ಮನೆಗಳಲ್ಲಿ ಮಾವನ ಹೆಸರು ಹೇಳದಿದ್ದರಷ್ಟೇ ಸಾಲದು. ಆ ಹೆಸರಿನ ಮೊದಲ ಸದ್ದು ಯಾವ ಮಾತಿನಲ್ಲಿ ಬಂದರೂ ಸೊಸೆಯಾದವಳು ಆ ಮಾತನ್ನೇ ಬಿಟ್ಟು ಬೇರೆ ಮಾತು ಹುಡುಕಿಕೊಳ್ಳಬೇಕು. ನೊಲುಂಡಿಯ ಮಾವ ಖಾಯಲೆತು. ಹೀಗಾಗಿ ‘ಖಾ’ ಇರುವ ಮಾತೆಲ್ಲ ಅವಳ ಪಾಲಿಗೆ ಮುಚ್ಚಿದ ಬಾಗಿಲು. ಮನೆಗೆ ನಾವು ‘ಖಾಯ’ ಅನ್ನುತ್ತೇವೆ, ಅವಳು ‘ನೆರಳು’ ಅನ್ನುತ್ತಿದ್ದಳು. ಕೋಸುಗಡ್ಡೆ ನಮಗೆ ‘ಖಾಪೆಟ್ಶು’, ಅವಳಿಗೆ ‘ಎಲೆಯುಂಡೆ’. ಮೊದಲೆಲ್ಲ ತಡವರಿಸುತ್ತಿದ್ದವಳು ಬರುಬರುತ್ತಾ ಎಷ್ಟು ಪಳಗಿದಳೆಂದರೆ, ಜಗಳದಲ್ಲಿ ಸಿಟ್ಟು ನೆತ್ತಿಗೇರಿದಾಗಲೂ ನಾಲಿಗೆ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಗಂಡ ದೂರದ ಗಣಿಯಲ್ಲಿ, ಅತ್ತೆ ತೀರಿಹೋಗಿದ್ದಳು. ಮನೆಯ ಮಾನವೆಲ್ಲ ತನ್ನ ಬಾಯಲ್ಲೇ ಇದೆ ಎಂದು ನಂಬಿದ್ದಳು. ಅದೊಂದು ಹೆಮ್ಮೆಯೂ ಆಗಿತ್ತು, ಸುಳ್ಳೇಕೆ?

ಮಗಳು ಲಿತಾ ಸೀಳಿದ ಅಂಗುಳಿನೊಂದಿಗೆ ಹುಟ್ಟಿದಳು. ಪಟ್ಟಣದ ಆಸ್ಪತ್ರೆಯಲ್ಲಿ ಹೊಲಿದು ಸರಿಮಾಡಿದರು. ಬಾಯೇನೋ ಕೂಡಿತು, ಮಾತು ಕೂಡಲಿಲ್ಲ. ‘ಖಾ’ ಅನ್ನಬೇಕಾದಲ್ಲಿ ಗಂಟಲು ಹಿಡಿದಂತೆ ಬರೀ ‘ಆ’ ಬರುತ್ತಿತ್ತು. ಓಣಿಯ ಮಕ್ಕಳು ಅವಳ ಹಿಂದೆ ಹಿಂದೆ ‘ಆ, ಆ’ ಎಂದು ಮೇಕೆಯ ಹಾಗೆ ಅರಚಿ ನಗುತ್ತಿದ್ದರು. ಜನವರಿಗೆ ಶಾಲೆಗೆ ಸೇರಿಸಬೇಕು. ಅಲ್ಲಿ ಹೀಗೆ ಅಣಕಿಸುವ ಮಕ್ಕಳು ಓಣಿತುಂಬ ಅಲ್ಲ, ಕೋಣೆತುಂಬ ಇರುತ್ತಾರೆಂದು ನೆನೆದಾಗಲೆಲ್ಲ ನೊಲುಂಡಿ ಮಗಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ಆ ವರ್ಷ ಊರ ದವಾಖಾನೆಗೆ ಮಾತು ತಿದ್ದುವ ಹುಡುಗಿಯೊಬ್ಬಳು ಬಂದಳು, ಬುಲೆಲ್ವಾ ಎಂದು. ಓದು ಮುಗಿಸಿದವರನ್ನು ಸರಕಾರ ಒಂದು ವರ್ಷ ಹಳ್ಳಿಗೆ ಅಟ್ಟುತ್ತದಲ್ಲ, ಹಾಗೆ ಬಂದವಳು. ಡಿಸೆಂಬರಿಗೆ ಹೊರಡುವವಳು, ಅವಳ ಜಾಗಕ್ಕೆ ಇನ್ನೊಬ್ಬರು ಬರುವ ಖಾತ್ರಿ ಇರಲಿಲ್ಲ. ಹುಡುಗಿ ಚುರುಕು. ಪರದೇಶದ ಹಿಮದ ಗೊಂಬೆ, ಗಾಳಿಪಟ ಬೇಡವೆಂದು ನಮ್ಮ ಗುಡಿಸಲು, ನಮ್ಮ ಕೋಸುಗಡ್ಡೆಗಳ ಚಿತ್ರ ತೆಗೆದು, ತನ್ನದೇ ದನಿ ಕೂಡಿಸಿ, ಫೋನಿನಲ್ಲಿ ಓಡುವ, ಇಸ್ಪೀಟಿನೆಲೆಯಂಥ ಚಿತ್ರದ ಎಲೆಗಳನ್ನು ಮಾಡಿದ್ದಳು. ಮುಟ್ಟಿದರೆ ಎಲೆ ಮಗುಚಿ ಮಾತಾಡುತ್ತಿತ್ತು. ಅವನ್ನು ನೊಲುಂಡಿಯ ಫೋನಿಗೆ ಹಾಕಿ ಕೊಟ್ಟಳು.

“ಅಕ್ಕಾ, ಇದು ‘ಖಾ’ದ ಕಟ್ಟು. ಇದು ಮುಗಿದ್ರೆನೇ ಮುಂದಿನದು ತೆರೆಯೋದು. ಫೋನು ಹೇಳ್ಲಿ, ಆಮೇಲೆ ನೀವು ಹೇಳಿ, ಆಮೇಲೆ ಮಗು. ನಿಮ್ಮ ಬಾಯಿ ನೋಡೇ ಅವಳು ಕಲಿಯೋದು. ತಿಳೀತಾ?”

“ತಿಳೀತು ಮಿಸ್,” ಎಂದಳು ನೊಲುಂಡಿ. ತಿಳಿದದ್ದಕ್ಕೇ ಅವಳ ಮುಖ ಬಿಳುಚಿತ್ತು.

ಮೊದಲ ಸಂಜೆಯೇ ಎಡವಟ್ಟು. ಎಲೆ ಮುಟ್ಟಿದ್ದೇ ತಡ, ಫೋನು ಗಂಟಲು ಹರಿಯುವಂತೆ “ಖಾಯ!” ಎಂದಿತು. ಹೊರಗೆ ಬೆಂಕಿ ಕಾಯಿಸುತ್ತಿದ್ದ ಮುದುಕ, “ಯಾರದು ನನ್ನ ಕರೆಯೋದು?” ಎಂದು ಎದ್ದೇಬಿಟ್ಟ. ನೊಲುಂಡಿ ಫೋನನ್ನು ಕಂಬಳಿಯಡಿ ತುರುಕಿ ಅದರ ಮೇಲೇ ಕೂತಳು. ಅಂದಿನಿಂದ ಫೋನಿನ ದನಿ ಬಂದ್. ಚಿತ್ರ ಮಾತ್ರ ಬರುತ್ತಿತ್ತು; ಅವಳು ‘ನೆರಳು’ ಅಂದರೆ ಮಗಳೂ ‘ನೆರಳು’, ‘ಎಲೆಯುಂಡೆ’ ಅಂದರೆ ಮಗಳೂ ‘ಎಲೆಯುಂಡೆ’. ಪಾಪ, ಶ್ರದ್ಧೆಗೇನೂ ಕೊರತೆಯಿರಲಿಲ್ಲ. ದಿನ ತಪ್ಪದೆ ಕೂತು, ಬೇಡದ ಮಾತನ್ನೇ ಗಟ್ಟಿಮಾಡಿದರು.

ತಿಂಗಳು ಕಳೆದು ದವಾಖಾನೆಗೆ ಹೋದರೆ ಬುಲೆಲ್ವಾ ಚಿತ್ರ ತೋರಿಸಿದಳು. ಲಿತಾ ಕತ್ತೆತ್ತಿ, “ನೆರಳು!” ಎಂದಳು, ಶಭಾಷ್ ಸಿಗುವುದೆಂದು.

ಬುಲೆಲ್ವಾ ಫೋನು ಕೆಳಗಿಟ್ಟಳು. “ಮನೇಲಿ ನೀವು ಹೇಳಿಸ್ತಾನೇ ಇಲ್ಲ ಅಕ್ಕಾ. ನಾನು ಇನ್ನೆಷ್ಟು ದಿನ ಇರ್ತೀನಿ? ಮಗು ನಿಮ್ದೋ ನಂದೋ?”

ಯಾಕೆ ಹೇಳಿಸಿಲ್ಲ ಅನ್ನುವುದನ್ನು ಹೇಳಬೇಕಾದರೂ ಅದೇ ಹೆಸರು ಬೇಕಲ್ಲ! ಪೇಟೆಯಲ್ಲಿ ಬೆಳೆದ ಆ ಮದುವೆಯಾಗದ ಹುಡುಗಿಗೆ ಅದು ಹೊಳೆಯಲಿಲ್ಲ, ಇವಳಿಗೆ ಬಾಯಿ ಬರಲಿಲ್ಲ. ಮಾವನಿಗೆ ಹೇಳೋಣವೆಂದರೆ, ಸೊಸೆ ಮಾವನೆದುರು ಕೂತು ಅವನ ಹೆಸರಿನ ಮಾತೆತ್ತುವುದುಂಟೇ? ದಾರಿಯುದ್ದಕ್ಕೂ ಅಳುತ್ತ ಬಂದಳು. “ಅವ್ವಾ, ನಾನು ತಪ್ಪು ಹೇಳಿದ್ನಾ?” ಎಂದು ಲಿತಾ ಕೇಳಿದಾಗ ನೊಲುಂಡಿ ಅವಳನ್ನು ಬೆನ್ನಿಗೇರಿಸಿಕೊಂಡಳು. ತಪ್ಪು ಹೇಳಿಕೊಟ್ಟವಳು ತಾನು.

ಮರುದಿನ ನೀರಿಗೆ ಹೊರಟವಳು ಮಗಳನ್ನೂ ಕರೆದುಕೊಂಡು ಹಳ್ಳ ದಾಟಿದಳು. ಹಳ್ಳದಾಚೆ ಬೇರೆಯವರ ಜಮೀನು. ಈ ಮನೆಯ ಸತ್ತ ಹಿರಿಯರು ನೆಲದಡಿಯಿಂದ ಎಲ್ಲ ಕೇಳಿಸಿಕೊಂಡರೂ ಬೇರೆಯವರ ಜಮೀನಿಗೆ ಕಿವಿ ಹಾಕಲಾರರು ಎಂದು ತನಗೆ ತಾನೇ ಕಾನೂನು ಮಾಡಿಕೊಂಡಳು. ಬಂಡೆಯ ಹಿಂದೆ ಕೂತು ಫೋನಿನ ದನಿ ಏರಿಸಿದಳು. ಫೋನು ಹೇಳಿತು. ಈಗ ಅವಳ ಸರದಿ.

ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಇನ್ನೊಮ್ಮೆ ತೆರೆದಳು, “ನೆ...” ಎಂದು ನಾಲಿಗೆ ಹಳೆಯ ದಾರಿಗೇ ಓಡಿತು. ಹೊಲಿಗೆ ಕಾಣದ ಗಟ್ಟಿ ಅಂಗುಳು, ಅದೇ ಸದ್ದು ಬಾರದು. ತಲೆಯ ವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡಳು.

ಲಿತಾ ಅವಳ ಬಾಯನ್ನೇ ನೋಡುತ್ತಿದ್ದಳು. “ಅವ್ವಾ, ನಿಂಗೂ ಬರಲ್ವಾ?”

“ಬರಲ್ಲ ಕಂದಾ.”

“ಅಳಬೇಡ. ಮಿಸ್ ಹೇಳಿಕೊಟ್ಟಿದಾರೆ.” ಹುಡುಗಿ ಪುಟ್ಟ ಕೈಯನ್ನು ತಾಯಿಯ ಗಂಟಲ ಮೇಲಿಟ್ಟಳು. “ನಾಲಿಗೆ ಹಿಂದೆ ಎಳ್ಕೊ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದೆ ಅಂದ್ಕೊ. ಉಗಿ ಅದನ್ನ!”

ಇಬ್ಬರೂ ಕೂತು ಇಲ್ಲದ ಮುಳ್ಳನ್ನು ಉಗಿದರು. ಕೆಮ್ಮಿದರು, ನಕ್ಕರು, ಮತ್ತೆ ಕೆಮ್ಮಿದರು. ಕೊನೆಗೆ ನೊಲುಂಡಿಯ ಬಾಯಿಂದ “ಖಾ” ಎಂದು ಸಿಡಿಯಿತು. ಅವಳಿಗೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡಳು. ಆಕಾಶ ಕಳಚಿ ಬೀಳಲಿಲ್ಲ. ಆಮೇಲೆ ದಿನಾ ಹಳ್ಳ ದಾಟಿದರು. ಒಂದು ದಿನ ಲಿತಾಳ ಗಂಟಲ ಹಿಡಿತ ಸಡಿಲಿ, ಸದ್ದು ಅಂಗುಳಿಗೆ ಬಡಿದು ಚೊಕ್ಕವಾಗಿ ಹೊರಬಂತು: “ಖಾಯ.” ನೊಲುಂಡಿ ಮಗಳನ್ನು ಎತ್ತಿಕೊಂಡು ಬಂಡೆಯ ಸುತ್ತ ಕುಣಿದಳು, ತಾನೂ ಕೂಗಿದಳು, “ಖಾಯ! ಖಾಯ!”

ಸೌದೆಗೆ ಬಂದಿದ್ದ ನೆರೆಯ ನೊಸಾಜಿ ಅದನ್ನು ಕೇಳಿಸಿಕೊಂಡಳು. ಅವಳ ಬಾಯಲ್ಲಿ ಎಳ್ಳು ನೆನೆಯುವುದೂ ಕಷ್ಟ. ತಲೆಮೇಲಿನ ಹೊರೆ ಇಳಿಸುವ ಮೊದಲೇ ಮುದುಕನ ಅಂಗಳಕ್ಕೆ ಹೋಗಿ ನಿಂತಳು. “ಜೋಲಾ,” ಎಂದಳು, ಅವನ ಕುಲದ ಹೆಸರು ಹಿಡಿದು, “ನಿಮ್ಮ ಬಂಗಾರದಂಥ ಸೊಸೆ ಹಳ್ಳದ ಹತ್ರ ನಿಮ್ಮ ಹೆಸರು ಹೇಳ್ಕೊಂಡು ಕುಣೀತಾ ಇದ್ದಾಳೆ. ನಂಗ್ಯಾಕೆ ಬೇಕು, ಕಂಡದ್ದು ಹೇಳಿದೆ.”

ತಾಯಿ ಮಗಳು ನೀರು ಹೊತ್ತು ಬಂದಾಗ ಮುದುಕ ಬಾಗಿಲ ಬಳಿ ಬೆಂಚಿನ ಮೇಲೆ ಕೂತಿದ್ದ. ನೊಸಾಜಿ ಬೇಲಿಯ ಬಳಿ ಸುಮ್ಮನೆ ಸೌದೆ ಎಣಿಸುತ್ತಿದ್ದಳು. ನೊಲುಂಡಿ ಬಕೆಟ್ಟು ಇಳಿಸಿ, ಮೊಣಕಾಲೂರಿ, ನೆಲ ನೋಡಿದಳು.

“ಹೇಳಿದ್ಯಾ?” ಎಂದ ಮುದುಕ.

“ಹೇಳಿದೆ ಅಪ್ಪಾ.”

“ಯಾಕೆ?”

ಲಿತಾ ಮುಂದೆ ಬಂದಳು. “ನನಗೋಸ್ಕರ ಅಜ್ಜಾ. ಅವ್ವಂಗೂ ಬರ್ತಿರ್ಲಿಲ್ಲ, ನಾನೇ ಕಲಿಸಿದೆ. ನೋಡು: ಖಾಯ! ಖಾಪೆಟ್ಶು! ಖಾಯಲೆತು!”

ಬೇಲಿಯ ಬಳಿ ಸೌದೆ ಕೆಳಗೆ ಬಿತ್ತು. ಮುದುಕ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ನಮ್ಮವ್ವ ಸತ್ತ ಮೇಲೆ ಈ ಅಂಗಳದಲ್ಲಿ ನನ್ನ ಹೆಸರು ಹಿಡಿದು ಕರೆದವರೇ ಇರ್ಲಿಲ್ಲ,” ಎಂದ. ಆಮೇಲೆ ಸೊಸೆಯ ಕಡೆ ತಿರುಗಿದ. “ಇಷ್ಟು ದಿನ ನನಗೆ ಹೇಳದೆ ಕಳ್ಳಿ ಹಾಗೆ ಹಳ್ಳ ದಾಟ್ತಿದ್ಯಲ್ಲ. ಮಗೂ ಬಾಯಿಗಿಂತ ನನ್ನ ಹೆಸರು ದೊಡ್ಡದು ಅಂತ ನಿಂಗೆ ಹೇಳಿದವರ್ಯಾರು?”

ನೊಲುಂಡಿ ನೆಲ ನೋಡುತ್ತಲೇ ಹೇಳಿದಳು. ಭಯವಿತ್ತು, ಆದರೂ ಹೇಳಿದಳು. “ನೀವೇ ಅಪ್ಪಾ. ಅಲ್ಲ ಅಂತ ನೀವು ಯಾವತ್ತೂ ಹೇಳ್ಲಿಲ್ಲ.”

ಮುದುಕ ಗಡ್ಡ ಕೆರೆದುಕೊಂಡ. ಕೈ ಚಾಚಿ, “ಆ ಫೋನು ಕೊಡು ಇತ್ಲಾಗೆ,” ಎಂದ. “ನಾಳೆಯಿಂದ ಈ ಅಂಗಳದಲ್ಲೇ ನಾನು ಹೇಳಿಸ್ತೀನಿ. ನೀನು ನಿನ್ನ ‘ನೆರಳು’ ಅಂದ್ಕೊಂಡಿರು.” ಆಮೇಲೆ ಬೇಲಿಯ ಕಡೆಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ: “ಕಟ್ಟಳೆ ಕಟ್ಟಳೆನೇ. ಹೆಸರು ಆಡಿದ್ದಕ್ಕೆ ದಂಡ ಎರಡು ಬಿಳಿ ಕೋಳಿ. ಒಂದು ನಿನ್ನ ತವರಿಂದ ತಾ. ಇನ್ನೊಂದು ನನ್ನ ಗೂಡಿಂದ ಹಿಡಿ. ಆ ತಪ್ಪು ನಂದು.”