ಇಲ್ಲದ ಶಿಖರದ ಮುಂದೆ ನಾಲ್ವರು ಪೈಲಟ್‌ಗಳು

ಹಳೇಬೀಡಿನ ದೇವಸ್ಥಾನದ ಗೇಟಿನ ಬಳಿ ಸರದಿ ಕಾಯುತ್ತಿದ್ದ ಹನ್ನೊಂದು ಗೈಡುಗಳಲ್ಲಿ ಭೀಮರಾಜನಷ್ಟು ಓದಿದವನೂ ಇರಲಿಲ್ಲ, ಅವನಷ್ಟು ಬೈಸಿಕೊಂಡವನೂ ಇರಲಿಲ್ಲ. ಬೇಲೂರಿನವನು, ಮೈಸೂರಿನಲ್ಲಿ ಚರಿತ್ರೆಯ ಎಂ.ಎ. ಮುಗಿಸಿ ಬಂದಿದ್ದ. ಅವನ ತಾತ ಬೇಲೂರಿನ ಗುಡಿಗೆ ಬೀದಿಯಲ್ಲೇ ನಿಂತು ಕೈಮುಗಿದವರು; ಅಪ್ಪ ಗಂಗಯ್ಯ ಮನೆಗೆ ಬುದ್ಧನ ಪಟ ತಂದವರು. ಮಗನಾದರೋ ಹೊಯ್ಸಳರ ಗುಡಿಯನ್ನು ಊರೂರಿನವರಿಗೆ ಕೈಹಿಡಿದು ತೋರಿಸುತ್ತಿದ್ದ. ಆ ಕೆಲಸವೆಂದರೆ ಅವನಿಗೆ ಪ್ರಾಣ.

ಬೈಗುಳಕ್ಕೆ ಕಾರಣ ಶಿಖರ. ಈ ಗುಡಿಯ ಮೇಲೆ ಶಿಖರವಿಲ್ಲ. ಬಂದವರೆಲ್ಲ ಕತ್ತೆತ್ತಿ ಕೇಳುವುದು ಅದನ್ನೇ. ಹಿಂದೊಮ್ಮೆ ಒಂದೇ ಬಸ್ಸಿನಲ್ಲಿ ಬಂದ ಮೇಷ್ಟ್ರುಗಳು ಎರಡು ಗುಂಪಾಗಿ ಒಳಗೆ ಹೋದರು. ಒಬ್ಬ ಗೈಡು ಶತ್ರುಗಳ ದಂಡು ಕೆಡವಿತು ಅಂದ, ಇನ್ನೊಬ್ಬ ಸಿಡಿಲು ಹೊಡೆಯಿತು ಅಂದ. ಮೇಷ್ಟ್ರುಗಳು ಚಿತ್ರಾನ್ನ ತಿನ್ನುವಾಗ ಕಿತ್ತಾಡಿಕೊಂಡು, ಇಬ್ಬರು ಗೈಡುಗಳನ್ನೂ ಸುಳ್ಳರೆಂದು ಜರೆದು ಹೊರಟುಹೋದರು. ಅಂದಿನಿಂದ ಹಿರಿಯ ಗೈಡ್ ಷಡಕ್ಷರಪ್ಪನವರು ಕಟ್ಟು ಮಾಡಿದ್ದರು: ಯಾರೇ ಕೇಳಲಿ, ದಂಡಿನ ಕಥೆಯನ್ನೇ ಹೇಳಬೇಕು. ಹತ್ತು ಮಂದಿ ಹೇಳುತ್ತಿದ್ದರು. ಭೀಮರಾಜ ಮಾತ್ರ ಗೊತ್ತಿಲ್ಲ ಎನ್ನುತ್ತಿದ್ದ.

“ಗೊತ್ತಿಲ್ಲ ಅನ್ನೋಕೆ ಗೈಡ್ ಯಾಕಯ್ಯ ಬೇಕು?” ಎಂದು ಷಡಕ್ಷರಪ್ಪ ಅವತ್ತು ಬೆಳಿಗ್ಗೆ ಎಲ್ಲರೆದುರು ರೇಗಿದ್ದರು. “ಇನ್ನೊಂದ್ ಸಲ ಅಂದ್ಯೋ, ನಿನ್ ಸರದಿ ತೆಗೆದಾಕ್ತೀನಿ. ಬೇಲೂರಲ್ಲೂ ನಿಂಗೆ ಜಾಗ ಇರಲ್ಲ, ನೋಡ್ಕೊ.” ಅವರು ಹೇಳಿದರೆ ಮಾಡುವ ಆಸಾಮಿ.

ಅದು ತೊಂಬತ್ತೆಂಟರ ಡಿಸೆಂಬರ್. ಭೀಮರಾಜನ ಸರದಿಗೆ ಬಂದದ್ದು ಒಂದು ಕಾರು. ಇಳಿದವರು ನಾಲ್ವರು ವಿಮಾನದ ಪೈಲಟ್‌ಗಳು. ಅವರಲ್ಲಿ ಕ್ಯಾಪ್ಟನ್ ಉದಯಕುಮಾರ್ ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳ ಮನೆಯವರು. ತಮ್ಮ ಸೀಮೆ ತೋರಿಸಲೆಂದು ಉಳಿದವರನ್ನು ಕರೆತಂದಿದ್ದರು. ಆದರೆ ಗುಡಿ ನೋಡುವ ಗಮನ ಯಾರಿಗಿತ್ತು? ಹದಿನೆಂಟು ದಿನದ ಹಿಂದೆ ಹೊರದೇಶದ ಕಂಪನಿಯ ವಿಮಾನವೊಂದು ಪ್ರಯಾಣಿಕರ ಸಮೇತ ಕಡಲ ಮೇಲೆ ಕಾಣೆಯಾಗಿತ್ತು. ಒಂದು ಚೂರೂ ಸಿಕ್ಕಿರಲಿಲ್ಲ. ಕಲ್ಲಿನ ಆನೆಸಾಲಿನ ಮುಂದೆ ನಿಂತು ಒಬ್ಬ ಬಾಂಬ್ ಎಂದ. ಇನ್ನೊಬ್ಬ, ಸಾಮಾನು ತುಂಬುವ ಗೂಡಿಗೆ ಬೆಂಕಿ ಬಿದ್ದಿರಬೇಕೆಂದ. ಎಲ್ಲರಿಗಿಂತ ಚಿಕ್ಕವನು ತಿಳಿದವನ ಹಾಗೆ ನಕ್ಕ.

“ಕ್ಯಾಪ್ಟನ್ನೇ ಬೇಕಂತ ಮುಳುಗಿಸಿರ್ತಾನೆ, ಬಿಡಿ. ಪೇಪರಲ್ಲೂ ಬಂದಿದೆ.”

ಉದಯಕುಮಾರರ ಮುಖ ಕಪ್ಪಿಟ್ಟಿತು. ಮಾತು ತಪ್ಪಿಸಲೆಂದೋ ಏನೋ ಅವರು ಮೇಲೆ ನೋಡಿ, “ಈ ಗುಡಿ ಶಿಖರ ಏನಾಯ್ತು ರೀ?” ಎಂದು ಭೀಮರಾಜನನ್ನು ಕೇಳಿದರು.

ನಾಲ್ಕು ಮಾರು ದೂರದಲ್ಲಿ ಷಡಕ್ಷರಪ್ಪ ದಾವಣಗೆರೆಯ ಗುಂಪಿನೊಂದಿಗೆ ನಿಂತಿದ್ದರು. ಅವರ ಕಿವಿ ಈ ಕಡೆಗೇ ಇತ್ತು. ದಂಡಿನ ಕಥೆ ಭೀಮರಾಜನ ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡ.

“ಗೊತ್ತಿಲ್ಲ ಸಾರ್. ಓದಿದೋರೇ ಇನ್ನೂ ವಾದ ಮಾಡ್ತಾವ್ರೆ. ಶಿಖರ ಇಲ್ಲ ಅನ್ನೋದು ಕಣ್ಣಿಗೆ ಕಾಣ್ತೈತೆ. ದಂಡು ಕೆಡವ್ತು, ತಾನಾಗೇ ಬಿತ್ತು, ಕಟ್ಟಲೇ ಇಲ್ಲ ಅನ್ನೋದೆಲ್ಲ ನಾವು ಅನ್ಕೊಳ್ಳೋದು. ಬರೀ ಅನ್ಕೊಂಡಿದ್ದನ್ನ ಹಿಡ್ಕೊಂಡು ಯಾರ ಮೇಲೂ ತಪ್ಪು ಹೊರಿಸಬಾರದು ಸಾರ್.”

ಉದಯಕುಮಾರ್ ಅವನನ್ನೇ ದಿಟ್ಟಿಸಿದರು. ಆಮೇಲೆ ಚಿಕ್ಕ ಪೈಲಟ್‌ನ ಕಡೆ ತಿರುಗಿದರು. “ಆ ವಿಮಾನದ ವಿಷಯದಲ್ಲಿ ನಿನಗೆ ಗೊತ್ತಿರೋದೇನು? ಅಷ್ಟನ್ನೇ ಹೇಳು.”

“ರೇಡಿಯೋದಲ್ಲಿ ಕೊನೇ ಮಾತು ಸರಿಯಾಗೇ ಇತ್ತು. ಆಮೇಲೆ ರೇಡಾರಲ್ಲಿ ಇಲ್ಲ.”

“ಇನ್ನೇನು?”

“ಇನ್ನೇನಿಲ್ಲ ಸರ್.”

“ಆ ಕ್ಯಾಪ್ಟನ್ ಲಕ್ಷ್ಮೀಶ. ನಾನೂ ಅವನೂ ಒಟ್ಟಿಗೆ ಹಾರೋದು ಕಲಿತವರು,” ಎಂದರು ಉದಯಕುಮಾರ್. “ಅವನ ಹೆಂಡ್ತಿ ಮೀನಾಕ್ಷಿ, ಪೇಪರಲ್ಲಿ ಬಂದಿದ್ದು ನಿಜಾನಾ ಅಂತ ದಿನಾ ಫೋನ್ ಮಾಡ್ತಾರೆ. ಏನು ಹೇಳ್ಬೇಕು ತಿಳೀದೆ ಮೂರು ದಿನದಿಂದ ನಾನು ಫೋನೇ ಎತ್ತಿಲ್ಲ.”

ಅಷ್ಟು ಹೇಳಿ, ಗುಡಿ ನೋಡುವುದನ್ನು ಅರ್ಧಕ್ಕೇ ಬಿಟ್ಟು, ಗೇಟಿನೆದುರಿನ ಎಸ್‌ಟಿಡಿ ಬೂತಿಗೆ ದಾಪುಗಾಲು ಹಾಕಿದರು. ಏನೋ ಅನಾಹುತವಾಯಿತೆಂದು ಎಲ್ಲರೂ ಹಿಂದೆಯೇ ಹೋದರು, ದಾವಣಗೆರೆಯವರೂ, ಷಡಕ್ಷರಪ್ಪನವರೂ. ಬೂತಿನ ಬಾಗಿಲು ಹಾಕಿಕೊಳ್ಳುವಷ್ಟು ವ್ಯವಧಾನ ಆ ಮನುಷ್ಯನಿಗಿರಲಿಲ್ಲ.

“ಮೀನಾಕ್ಷಿಯವರೇ, ಲಕ್ಷ್ಮೀಶನೇ ಮಾಡಿದ ಅನ್ನೋರಿಗೆ ಏನೂ ಗೊತ್ತಿಲ್ಲ. ನಮಗೂ ಗೊತ್ತಿಲ್ಲ. ಕೊನೇವರೆಗೂ ಅವನು ಸಮಾಧಾನವಾಗಿ ಮಾತಾಡಿದ್ದ, ಗೊತ್ತಿರೋದು ಅದೊಂದೇ. ಮಕ್ಕಳು ಯಾರೆದುರೂ ತಲೆ ತಗ್ಗಿಸೋದು ಬೇಡ.” ಆಚೆ ಕಡೆ ಹೆಂಗಸು ಬಿಕ್ಕುವುದು ಬಾಗಿಲಲ್ಲಿ ನಿಂತವರಿಗೂ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ, ಹದಿನೆಂಟು ದಿನದ ನಂತರ ಈಗ ಮಕ್ಕಳ ಜೊತೆ ಕೂತು ಊಟ ಮಾಡುತ್ತೇನೆ ಎಂದು ಆಕೆ ಹೇಳಿದರಂತೆ.

ಹೊರಗೆ ಬಂದ ಉದಯಕುಮಾರ್ ನಡುಬೀದಿಯಲ್ಲಿ ಭೀಮರಾಜನ ಎರಡೂ ಕೈ ಹಿಡಿದುಕೊಂಡರು. “ಗೊತ್ತಿಲ್ಲ ಅನ್ನೋಕೆ ನನಗಿಲ್ಲದ ಧೈರ್ಯ ನಿಮ್ಮಲ್ಲಿತ್ತು ಕಣ್ರೀ,” ಎಂದರು. ಭೀಮರಾಜನಿಗೆ ಎಲ್ಲಿಲ್ಲದ ಸಂತೋಷವಾಯಿತು. ಸರದಿ ಹೋದರೆ ಹೋಗಲಿ ಎನ್ನಿಸಿಬಿಟ್ಟಿತು.

ಕಾರು ಹೋಯಿತು. ಷಡಕ್ಷರಪ್ಪ ಅವನತ್ತ ನೋಡದೆ ತಮ್ಮ ಗುಂಪನ್ನು ಮತ್ತೆ ಒಳಗೆ ಕರೆದೊಯ್ದರು. ಭೀಮರಾಜ ತೀರ್ಪು ಕೇಳಲು ಹಿಂದೆಯೇ ನಡೆದ. ಅಷ್ಟರಲ್ಲಿ ಗುಂಪಿನ ಮುದುಕಿಯೊಬ್ಬರು ಕತ್ತೆತ್ತಿ, “ಅಲ್ಲಪ್ಪಾ, ಇದರ ಶಿಖರ ಎಲ್ಲಿ ಹೋತು?” ಎಂದು ಕೇಳಿದರು.

ಇಪ್ಪತ್ತಾರು ವರ್ಷ ದಂಡಿನ ಕಥೆ ಹೇಳಿದ್ದ ಷಡಕ್ಷರಪ್ಪ ಎರಡು ಸಲ ಕೆಮ್ಮಿದರು. ಒಮ್ಮೆ ಭೀಮರಾಜನ ಕಡೆ ಕಣ್ಣು ಹಾಯಿಸಿದರು.

“ನಂಗೆ ಗೊತ್ತಿಲ್ಲ ಕಣವ್ವಾ,” ಎಂದರು. “ಇವ್ನು ಓದ್ಕೊಂಡವ್ನೆ. ಇವ್ನನ್ನ ಕೇಳು, ನಾನೂ ಕೇಳಿಸ್ಕೊತೀನಿ.”